ಸೂಜಿ ಡಾಕ್ಟರ್‌ಬಾಯಿ

ಬುಧವಾರ ಮಿರಜದ ಬಸ್ಸು ಕಂಡರೆ ಈಗಲೂ ನನ್ನ ಕಾಲುಗಳು ಅತ್ತ ತಿರುಗುತ್ತವೆ. ಹೋದ ವರ್ಷದ ಡೈರಿಯಲ್ಲಿ ಪ್ರತಿ ಬುಧವಾರದ ಕೆಳಗೂ ‘ಮಿರಜ, ಸೂಜಿ’ ಎಂದಿದೆ. ಅಲ್ಲಿ ಹಾಲಿನ ಸೊಸೈಟಿಯ ಹಿಂದಿನ ಕೋಣೆಯಲ್ಲಿ ಡಾಕ್ಟರ್‌ಬಾಯಿಯೊಬ್ಬರು ಚೀನಾದ ಪದ್ಧತಿಯಲ್ಲಿ ಸೂಜಿ ಚುಚ್ಚಿ ನೋವು ಇಳಿಸುತ್ತಿದ್ದರು. ಸಾಂಗಲಿಯ ಅರಿಶಿನದ ವಖಾರಿಯಲ್ಲಿ ಚೀಲ ಹೊತ್ತು ದುಡಿಯುವ ಅವ್ವನ ಬಲಗೈ ಹೆಗಲಿನಿಂದ ಮೇಲೆ ಏಳುತ್ತಿರಲಿಲ್ಲ. ಅವಳ ತುರುಬನ್ನು ನಾನೇ ಕಟ್ಟುತ್ತಿದ್ದೆ.

ಡಾಕ್ಟರ್‌ಬಾಯಿ ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವರು, ಹೆಬ್ಬೆರಳಿನಿಂದ ಹೆಗಲಿನ ಮೇಲೆ ಜಾಗ ಹುಡುಕುವರು. ಆಮೇಲೆ ಅವ್ವನಿಗೆ ಪ್ರತಿ ಸಲವೂ ಅದೇ ಮಾತು: “ಉಸುರ ಹಿಡೀಬ್ಯಾಡ್ರಿ, ಮಾವಶಿ.”

“ಚುಚ್ಚಿಸ್ಕೊಳ್ಳಾಕಿ ನಾ ಅದೇನಿ. ನಿಮಗೇನ್ರಿ!” ಎನ್ನುವಳು ಅವ್ವ.

“ಚೀಲ ಹೊರೂವಾಗ ಅಂಜಲಿಲ್ಲ, ಕೂದಲದಂಥಾ ಸೂಜಿಗೆ ಅಂಜತೀರಿ?”

ಒಂದು ಬುಧವಾರ ಸೂಜಿ ತೆಗೆದ ಮೇಲೆ ನಾನು ಬಾಚಣಿಗೆ ಹಿಡಿದು ಬಂದೆ. ಅವ್ವ ನನ್ನನ್ನು ಸರಿಸಿ, ಎರಡೂ ಕೈ ಎತ್ತಿ ತಾನೇ ತುರುಬು ಕಟ್ಟಿಕೊಂಡಳು. ಡಾಕ್ಟರ್‌ಬಾಯಿ ಕಿಟಕಿಯ ಕಡೆ ತಿರುಗಿ ನಿಂತರು.

ಮುಂದೆ ಅವರಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಅವರನ್ನು ಕಳಿಸಲು ನಾನೂ ಅವ್ವನೂ ಸ್ಟೇಶನ್ನಿಗೆ ಹೋದೆವು. ರೈಲು ಹೊರಟಾಗ ಅವ್ವ ಅದೇ ಬಲಗೈಯನ್ನು ತಲೆಯ ಮೇಲೆತ್ತಿ ಬೀಸಿದಳು. ಕೊನೆಯ ಡಬ್ಬಿ ಮರೆಯಾದರೂ ಇಳಿಸಲಿಲ್ಲ. ನನ್ನ ಮುಖ ನೋಡಿ ಮೆಲ್ಲಗೆ ಅಂದಳು:

“ಉಸುರ ಹಿಡೀಬ್ಯಾಡ, ಮಗಳ.”