ಚಂದ್ರಕ್ಕನಿಗೆ ನಾನು ಆರಿಸಿಕೊಟ್ಟ ಶೂ

ಆ ಶೂ ಚಂದ್ರಕ್ಕನ ಕಾಲಿಗೆ ಚಿಕ್ಕದು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅದನ್ನು ಆರಿಸಿಕೊಟ್ಟೆ. ಈ ಮಾತನ್ನು ಅವರೊಬ್ಬರಿಗೆ ಹೇಳಿದ್ದೇನೆ. ಮಿಕ್ಕ ಯಾರಿಗೂ ಹೇಳಿಲ್ಲ. ಅಷ್ಟೇ ಅಲ್ಲ, ಹೇಳಬೇಕಾದ ದಿನ ಸುಮ್ಮನಿದ್ದು ಶಾಲು ಹೊದಿಸಿಕೊಂಡು ಬಂದೆ. ಈಗ ಬರೆಯುತ್ತಿರುವುದು ಆ ಶಾಲು ಮನೆಯಲ್ಲಿರುವುದನ್ನು ನೋಡಲಾಗದೆ.

ನಾನು ದೈಹಿಕ ಶಿಕ್ಷಣದ ಮೇಷ್ಟ್ರು. ಮನೆ ಚನ್ನರಾಯಪಟ್ಟಣದಲ್ಲಿ. ಇಲ್ಲಿ ಭಾನುವಾರ ಬೆಳಗ್ಗೆ ಒಟ್ಟಾಗಿ ಓಡುವ ನಮ್ಮದೊಂದು ಗುಂಪಿದೆ — ಪಶುವೈದ್ಯರೊಬ್ಬರು, ಟೈಲರ್ ಒಬ್ಬರು, ಇಬ್ಬರು ಬ್ಯಾಂಕಿನವರು, ಹೀಗೆ ಹದಿನೈದು ಜನ. ಗುಂಪನ್ನು ಕಟ್ಟಿದವನು ನಾನು. ಎಷ್ಟು ಓಡಬೇಕು, ಏನು ತಿನ್ನಬೇಕು, ಯಾವ ಶೂ ಹಾಕಬೇಕು — ಎಲ್ಲಕ್ಕೂ ನನ್ನನ್ನೇ ಕೇಳುತ್ತಿದ್ದರು. ಅವರು ಹಾಗೆ ಕೇಳುವುದು ಹಿತವಾಗಿತ್ತು. ಆ ಹಿತವೇ —

ಇರಲಿ. ನಡೆದದ್ದನ್ನು ಹೇಳುತ್ತೇನೆ.

ಚಂದ್ರಕಲಾ ಹಿರೀಸಾವೆಯವರು. ಹೆದ್ದಾರಿ ಬದಿಯ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುವ ಕೆಲಸ. ಬಸ್ಸುಗಳು ನಿಲ್ಲುವ ಹೋಟೆಲು. ಬೆಳಗ್ಗೆ ಏಳರಿಂದ ಸಂಜೆಯವರೆಗೆ ಕಾವಲಿಯ ಮುಂದೆ ನಿಂತೇ ಇರಬೇಕು, ಭಾನುವಾರ ಮಾತ್ರ ರಜ. ಮೊಣಕಾಲು ಹಿಡಿದುಕೊಂಡಾಗ ಯಾರೋ ಡಾಕ್ಟರು ನಡೆಯಿರಿ ಎಂದರಂತೆ. ನಡೆದರು. ನಡೆಯುವುದು ಸಾಲದೆ ಓಡಿದರು. ಹರಿದ ಕ್ಯಾನ್ವಾಸ್ ಶೂ ಹಾಕಿಕೊಂಡು ಒಂದು ಭಾನುವಾರ ಮೊದಲ ಬಸ್ಸು ಹತ್ತಿ ನಮ್ಮ ಗುಂಪಿಗೆ ಬಂದಾಗ ಅವರಿಗೆ ಮೂವತ್ತೆಂಟು ವರ್ಷ. ಮೂರೇ ತಿಂಗಳಲ್ಲಿ ಬ್ಯಾಂಕಿನವರನ್ನು ಹಿಂದೆ ಹಾಕಿದರು. ಆಮೇಲೆ ಪಶುವೈದ್ಯರನ್ನು. ಒಂದು ಭಾನುವಾರ, ನನ್ನ ಶಾಲೆಯ ಹುಡುಗಿಯರು ಕೆರೆ ಏರಿಯ ಮೇಲೆ ನಿಂತು ನೋಡುತ್ತಿದ್ದಾಗ, ನನ್ನನ್ನೂ ದಾಟಿ ಹೋದರು. ಹುಡುಗಿಯರು ಚಪ್ಪಾಳೆ ತಟ್ಟಿದರು. ನಾನೂ ನಕ್ಕು ಚಪ್ಪಾಳೆ ತಟ್ಟಿದೆ. ಮನೆಗೆ ಬಂದು ಆ ದಿನವೆಲ್ಲ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ.

ಅದೇ ವಾರ ಅವರು, ಹೊಳೆನರಸೀಪುರದಲ್ಲಿ ಇಪ್ಪತ್ತೊಂದು ಕಿಲೋಮೀಟರ್ ಓಟ ಇದೆಯಂತೆ, ಒಳ್ಳೆಯ ಶೂ ಕೊಳ್ಳಬೇಕು, ಹಾಸನಕ್ಕೆ ಜೊತೆಗೆ ಬಂದು ಆರಿಸಿಕೊಡಿ ಎಂದರು. ಹೋದೆವು.

ಚಂದ್ರಕ್ಕನ ಪಾದ ಮುಂಭಾಗದಲ್ಲಿ ಅಗಲ. ವರ್ಷಗಟ್ಟಲೆ ನಿಂತು ದುಡಿದ ಪಾದ. ಹೆಂಗಸರ ಶೂಗಳೆಲ್ಲ ಮುಂದೆ ಕಿರಿದು. ಅಂಗಡಿಯವರು ಕೊಟ್ಟದ್ದನ್ನು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು, ಬೆರಳು ಒತ್ತುತ್ತದೆ ಎಂದು ನನ್ನ ಮುಖ ನೋಡಿದರು. ನಾನು ಬಗ್ಗಿ ಶೂವಿನ ಮೂತಿ ಒತ್ತಿ ನೋಡಿದೆ. ಹೆಬ್ಬೆರಳು ತುದಿಗೇ ತಾಗಿತ್ತು. ಅಲ್ಲಿ ಒಂದು ಹೆಬ್ಬೆಟ್ಟಿನಷ್ಟು ಜಾಗ ಬೇಕು, ದೂರ ಓಡಿದಾಗ ಪಾದ ಊದಿಕೊಳ್ಳುತ್ತದೆ ಎಂದು ನೂರು ಜನಕ್ಕೆ ಹೇಳಿದವನು ನಾನು. ಪಕ್ಕದ ಗೋಡೆಯಲ್ಲೇ ಗಂಡಸರ ಶೂಗಳಿದ್ದವು. ಮುಂದೆ ಅಗಲವಾದ, ಬೂದು ಬಣ್ಣದ ಒಂದು ಜೊತೆಯ ಮೇಲೆ ನನ್ನ ಕಣ್ಣು ಬಿತ್ತು. ಅದು ಅವರಿಗೆ ಆಗುತ್ತದೆ ಅನ್ನಿಸಿತು. ಖಂಡಿತ ಅನ್ನಿಸಿತು. ಕಣ್ಣು ತೆಗೆದುಬಿಟ್ಟೆ.

"ಓಡ್ತಾ ಓಡ್ತಾ ಸಡಿಲ ಆಗುತ್ತೆ. ಓಟದ ಶೂ ಬಿಗಿಯಾಗೇ ಇರ್ಬೇಕು," ಎಂದೆ.

"ನೀವ್ ಏಳಿದ್ ಮೇಲೆ ಸರಿಯೇ ಬುಡಿ ಸಾ," ಎಂದರು ಚಂದ್ರಕ್ಕ.

ಅವರು ಸೋಲಲಿ ಎಂದು ಆಗ ಅಂದುಕೊಂಡೆನಾ? ಆ ಪದಗಳಲ್ಲಿ ಅಂದುಕೊಳ್ಳಲಿಲ್ಲ. ಒಂದು ಓಟದಲ್ಲಿ, ಒಂದೇ ಒಂದು ಓಟದಲ್ಲಿ, ನನ್ನ ಹಿಂದೆ ಇರಲಿ ಅಂದುಕೊಂಡೆ. ಎರಡಕ್ಕೂ ವ್ಯತ್ಯಾಸವಿದೆ ಎಂದು ಬಹಳ ದಿನ ನನ್ನೊಂದಿಗೆ ನಾನೇ ವಾದಿಸಿದೆ. ಇಲ್ಲ.

ಹೊಳೆನರಸೀಪುರದ ಓಟದ ದಿನ ಹತ್ತು ಕಿಲೋಮೀಟರ್‌ವರೆಗೆ ಅವರು ನನಗಿಂತ ಮುಂದಿದ್ದರು. ಹದಿನಾಲ್ಕನೆಯದರ ಹತ್ತಿರ ನಾಲೆಯ ಕಟ್ಟೆಯ ಮೇಲೆ ಕೂತಿದ್ದರು. ಬಲಗಾಲಿನ ಶೂ ಬಿಚ್ಚಿತ್ತು. ಬಿಳಿ ಸಾಕ್ಸಿನ ತುದಿ ರಕ್ತದಿಂದ ಒದ್ದೆಯಾಗಿತ್ತು. ನನ್ನನ್ನು ಕಂಡು ಕೈ ಎತ್ತಿದರು — ನಿಲ್ಲಿ ಎಂದಲ್ಲ, ನೀವು ಹೋಗಿ ಎಂದು. ನಾನು ಹೋದೆ. ನಿಲ್ಲದೆ ಹೋದೆ. ಅದುವರೆಗಿನ ನನ್ನ ಓಟಗಳಲ್ಲೇ ಕಡಿಮೆ ಸಮಯದಲ್ಲಿ ಆ ದಿನ ಮುಗಿಸಿದೆ. ಗುಂಪಿನವರು ಬೆನ್ನು ತಟ್ಟಿದರು.

ಎರಡು ಉಗುರು ಬಿದ್ದವು ಎಂದು ಆಮೇಲೆ ತಿಳಿಯಿತು. ಚಂದ್ರಕ್ಕ ಯಾರನ್ನೂ ದೂರಲಿಲ್ಲ. ತನ್ನ ಕಾಲಿನ ಆಕಾರವೇ ಸರಿಯಿಲ್ಲ, ಓಟಕ್ಕೆ ಆಗಿಬರುವ ಕಾಲಲ್ಲ ಎಂದು ಟೈಲರ್ ಹತ್ತಿರ ಹೇಳಿದರಂತೆ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ. ಹೀಗೆ ಎರಡು ವರ್ಷ.

ಎರಡು ವರ್ಷದ ಮೇಲೆ ಬೆಂಗಳೂರಿನಿಂದ ಬರುವಾಗ ನನ್ನ ಬಸ್ಸು ಅವರ ಹೋಟೆಲಿನ ಮುಂದೆ ನಿಂತಿತು. ಒಳಗೆ ಹೋಗಲು ಮನಸ್ಸಿರಲಿಲ್ಲ. ಅವರೇ ಅಡುಗೆಮನೆಯ ಕಿಟಕಿಯಿಂದ ನೋಡಿ ಕರೆದರು. ಮೈ ತುಂಬಿಕೊಂಡಿದ್ದರು. ಮೊಣಕಾಲಿಗೆ ಮತ್ತೆ ಪಟ್ಟಿ ಕಟ್ಟಿತ್ತು. ಗುಂಪಿನ ಪ್ರತಿಯೊಬ್ಬರ ಹೆಸರು ಹಿಡಿದು ವಿಚಾರಿಸಿದರು. ನನಗೆ ಎರಡು ದೋಸೆ ಹಾಕಿದರು. ತಟ್ಟೆಯನ್ನು ಹಾಗೇ ಬಿಟ್ಟೆ.

ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ, "ಚಂದ್ರಕ್ಕ, ನಿಮ್ಮ ಕಾಲು ಸರಿಯಾಗೇ ಇತ್ತು. ಶೂ ಚಿಕ್ಕದಿತ್ತು. ನಂಗೆ ಅವತ್ತೇ ಗೊತ್ತಿತ್ತು," ಎಂದೆ.

ಕೈಯಲ್ಲಿ ಸೌಟು ಹಾಗೇ ನಿಂತಿತು. "ಗೊತ್ತಿತ್ತಾ?"

"ಗೊತ್ತಿತ್ತು. ನೀವು ನನ್ನನ್ನ ಹಿಂದೆ ಹಾಕಿದ್ರಿ. ಅದಕ್ಕೆ."

ಕಾವಲಿಯ ಮೇಲಿನ ಮೂರು ದೋಸೆ ತಿರುವಿ ಹಾಕಿದರು. ತೆಗೆದು ತಟ್ಟೆಗಳಿಗೆ ಇಟ್ಟರು. ಹೊರಗೆ ಕಂಡಕ್ಟರು ಸೀಟಿ ಊದುತ್ತಿದ್ದ. ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದೆ, ಅಳುವಿಗೂ. ಆದರೆ ಚಂದ್ರಕ್ಕ ಬಗ್ಗಿ ತಮ್ಮ ಪಾದಗಳನ್ನು ನೋಡಿಕೊಂಡರು — ಯಾರೋ ಬಹಳ ದಿನದ ಮೇಲೆ ಮನೆಗೆ ಬಂದವರನ್ನು ನೋಡುವ ಹಾಗೆ. ನಿಧಾನಕ್ಕೆ ಮುಖವೆಲ್ಲ ಬೆಳಗಿತು.

"ಅಂಗಾರೆ ನನ್ ಕಾಲು ಚೆನ್ನಾಗೈತೆ ಅನ್ನಿ," ಎಂದರು.

ನನ್ನ ತಪ್ಪಿನ ಬಗ್ಗೆ ಒಂದು ಮಾತೂ ಇಲ್ಲ. ಕ್ಷಮಿಸಿದೆ ಎಂದೂ ಅನ್ನಲಿಲ್ಲ, ಇಂದಿಗೂ ಅಂದಿಲ್ಲ. ಆ ವಾರವೇ ಹೊಸ ಶೂ ಕೊಳ್ಳಲು ಹಾಸನಕ್ಕೆ ಹೊರಟರು. ನನ್ನನ್ನು ಕರೆದದ್ದು ಒಂದು ಷರತ್ತಿನ ಮೇಲೆ: "ಬನ್ನಿ. ಬಾಯಿ ಮಾತ್ರ ಬುಡ್ಬ್ಯಾಡಿ."

ಬಾಯಿ ಬಿಡದೆ ಸ್ಟೂಲಿನ ಮೇಲೆ ಕೂತೆ. ಅವರು ಬೇಕೆಂದೇ ಸಂಜೆ ಬಂದಿದ್ದರು, ದಿನವೆಲ್ಲ ನಿಂತು ಪಾದ ಊದಿರುವ ಹೊತ್ತಿನಲ್ಲಿ. ಓಡುವಾಗ ಹಾಕುವ ದಪ್ಪ ಸಾಕ್ಸನ್ನೇ ತಂದಿದ್ದರು. ಎರಡೂ ಕಾಲಿಗೆ ಹಾಕಿ, ಲೇಸು ಕಟ್ಟಿ, ಒಳಗೆ ಐದೂ ಬೆರಳು ಆಡಿಸಿ, ಹಿಮ್ಮಡಿ ಜಾರುತ್ತದೋ ಎಂದು ತುದಿಗಾಲಲ್ಲಿ ನಿಂತು ನೋಡಿದರು. ಅಂಗಡಿಯ ಹೊರಗೆ ಫುಟ್‌ಪಾತಿನ ಮೇಲೆ, ಆಟೋದವರು ನೋಡುತ್ತಿದ್ದರೂ, ಸೀರೆ ಎತ್ತಿಕಟ್ಟಿ ಒಂದು ಸುತ್ತು ಓಡಿ ಬಂದರು. ಐದು ಜೊತೆ ಬೇಡವೆಂದರು. ಆರನೆಯದು ಗಂಡಸರದು. ಅಂಗಡಿಯಾಕೆ ಅದು ಜೆಂಟ್ಸ್ ಶೂ ಎಂದಾಗ, ಕಾಲು ತನ್ನದಲ್ಲವೇ ಎಂದು ಕೇಳಿ ಅದನ್ನೇ ಕಟ್ಟಿಸಿದರು. ಅಲ್ಲಿಯವರೆಗೆ ನಾನು ಮೇಷ್ಟ್ರು. ಆ ಸಂಜೆ ವಿದ್ಯಾರ್ಥಿ.

ಆಮೇಲೆ ಒಂದು ವರ್ಷ ಚಂದ್ರಕ್ಕ ಓಡಿದ್ದನ್ನು ಹಿರೀಸಾವೆಯ ಸರ್ವಿಸ್ ರಸ್ತೆಯೇ ಹೇಳಬೇಕು. ಮೊದಲು ಮೂರು ಕಿಲೋಮೀಟರ್, ನಿಧಾನ. ಮೊಣಕಾಲಿನ ಪಟ್ಟಿ ಹೋಯಿತು. ಹತ್ತಾಯಿತು, ಇಪ್ಪತ್ತಾಯಿತು. ಒಂದು ಭಾನುವಾರ ಹಿರೀಸಾವೆಯಿಂದ ನಮ್ಮ ಗುಂಪಿನವರೆಗೆ ಬಸ್ಸು ಹತ್ತದೆ ಓಡಿಯೇ ಬಂದರು.

ಕಳೆದ ಚಳಿಗಾಲ ಹಾಸನದಲ್ಲಿ ನಲವತ್ತೆರಡು ಕಿಲೋಮೀಟರಿನ ಓಟ. ಅರಕಲಗೂಡಿನ ರಸ್ತೆಯಲ್ಲಿ ಇಪ್ಪತ್ತೊಂದು ಹೋಗಿ ಅಷ್ಟೇ ದೂರ ವಾಪಸು. ನಾನು ಓಡಲಿಲ್ಲ, ಮೂವತ್ತಾರನೆಯ ಕಿಲೋಮೀಟರಿನಲ್ಲಿ ನೀರು ಕೊಡುವ ಮೇಜಿಗೆ ನಿಂತೆ. ಹೆಂಗಸರಲ್ಲಿ ಮೇಜಿನ ಹತ್ತಿರ ಮೊದಲು ಬಂದವಳು ಕಾಲೇಜಿನ ಹುಡುಗಿ, ಜಿಂಕೆಯಂಥ ನಡೆ, ಆದರೆ ಹೆಜ್ಜೆ ಎಳೆಯುತ್ತಿದ್ದಳು. ಎರಡು ನಿಮಿಷದ ಮೇಲೆ ಚಂದ್ರಕ್ಕ ಕಂಡರು. ಬೆನ್ನು ನೆಟ್ಟಗೆ. ಹೆಜ್ಜೆ ಕಾವಲಿಯ ಕೆಲಸದಷ್ಟೇ ಸಮ.

ಲೋಟ ತೆಗೆದುಕೊಂಡು, "ಎಷ್ಟ್ ಜನ ಮುಂದವ್ರೆ?" ಎಂದರು.

"ಹೆಂಗಸರಲ್ಲಿ ಒಬ್ಬಳೇ."

ಸರಿ ಎಂದು ಲೋಟ ಕೊಟ್ಟು ಹೋದರು.

ಮೇಜನ್ನು ಜೊತೆಯವರಿಗೆ ಬಿಟ್ಟು ಟೈಲರ್ ಸ್ಕೂಟರಿನ ಹಿಂದೆ ಕೂತೆ. ನಲವತ್ತನೆಯದರಲ್ಲಿ ಹುಡುಗಿಯ ಪಕ್ಕಕ್ಕೆ ಬಂದಿದ್ದರು. ಅಲ್ಲಿ ಒಂದು ಕ್ಷಣ ಅವಳ ಬೆನ್ನು ಸವರಿ ಏನೋ ಹೇಳಿದರು, ಅವಳು ನಕ್ಕಳು. ನಾನು ನಾಲೆಯ ಹತ್ತಿರ ಮಾಡದೇ ಹೋದದ್ದು ಅದು. ಆಮೇಲೆ ಚಂದ್ರಕ್ಕ ವೇಗ ಕೂಡಿಸಿದರು. ಕೊನೆಯ ಗೆರೆ ದಾಟಿದಾಗ ಹೆಂಗಸರಲ್ಲಿ ಮೊದಲನೆಯವರು, ನಲವತ್ತೆರಡು ವರ್ಷ ವಯಸ್ಸಿಗೆ. ನಾನು ಬೀದಿಯಲ್ಲಿ ನಿಂತು ಕೂಗಿದೆ, ಗಂಟಲು ಕಟ್ಟುವವರೆಗೆ ಕೂಗಿದೆ. ಅಂಥ ಸಂತೋಷವನ್ನು ನನ್ನ ಯಾವ ಓಟವೂ ನನಗೆ ಕೊಟ್ಟಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮುಂದಿನ ವಾರ ಗುಂಪಿನವರು ಸನ್ಮಾನ ಇಟ್ಟುಕೊಂಡರು. ಅವರಿಗೊಂದು ಶಾಲು, ಗುರುವೆಂದು ನನಗೊಂದು. ಮಾತಾಡಲು ಎದ್ದ ಚಂದ್ರಕ್ಕ, ಶೂ ಹೇಗಿರಬೇಕು ಎಂಬುದನ್ನು ಮೇಷ್ಟ್ರಿಂದಲೇ ಕಲಿತೆ ಎಂದು ನನ್ನ ಕಡೆ ನೋಡಿದರು. ಬಾಗಿಲು ತೆರೆದಿಟ್ಟು ಕಾದಂತೆ ನೋಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದು, ಶೂ ಆರಿಸುವುದು ಹೇಗೆಂದು ಹತ್ತು ನಿಮಿಷ ಮಾತಾಡಿ ಕೂತೆ.

ನಿನ್ನೆ ಹಿರೀಸಾವೆಗೆ ಹೋಗಿ, ಬರುವ ಭಾನುವಾರ ಎಲ್ಲರ ಮುಂದೆ ಇದನ್ನು ಓದುತ್ತೇನೆ, ನಿಮಗೆ ಅಭ್ಯಂತರವೇ ಎಂದು ಕೇಳಿದೆ. ಚಂದ್ರಕ್ಕ ಹಿಟ್ಟು ಕಲೆಸುತ್ತಲೇ ಇದ್ದರು.

"ಓದ್ಕಳಿ ಸಾ. ಬಿರ್ನೆ ಓದಿ ಮುಗ್ಸಿ, ಅವತ್ತು ನಂಗೆ ಮೂವತ್ತು ಓಡೋದೈತೆ."

ಭಾನುವಾರ ಆರು ಗಂಟೆಗೆ ಎಲ್ಲರೂ ಸೇರುತ್ತಾರೆ. ನಾನು ಐದೂವರೆಗೇ ಅಲ್ಲಿರುತ್ತೇನೆ.