ಹೊರಡುವ ಮುನ್ನ ಒಂದು ನಿಮಿಷ

ವಿದೇಶದಲ್ಲಿ ನಾವಿದ್ದ ಟಾಲಾ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಜರ್ಮನ್ ಪ್ರೊಫೆಸರ್ ಜೀವಮಾನವಿಡೀ ರಷ್ಯನ್, ಪೋಲಿಷ್ ಕಾದಂಬರಿಗಳನ್ನು ಪಾಠ ಮಾಡಿದವರು. ನಾವು ಬೆಂಗಳೂರಿಗೆ ಹೊರಟಾಗಲೆಲ್ಲ ಬಂದು, ಎಲ್ಲರನ್ನೂ ಸೂಟ್‌ಕೇಸ್‌ಗಳ ಮೇಲೆ ಒಂದು ನಿಮಿಷ ಸುಮ್ಮನೆ ಕೂರಿಸುತ್ತಿದ್ದರು. ದೂರ ಪ್ರಯಾಣಕ್ಕೆ ಮುಂಚೆ ರಷ್ಯನ್ನರು ಹಾಗೆ ಕೂರುತ್ತಾರಂತೆ.

“ಟ್ಯಾಕ್ಸಿ ಕಾಯ್ತಾ ಐತೆ, ಇವರದ್ದೊಂದು!” ಎಂದು ನಾನು ಹೆಂಡತಿಯ ಬಳಿ ಸಿಡುಕುತ್ತಿದ್ದೆ.

ಒಮ್ಮೆ ಅವರೇ ಹೇಳಿದರು. ಮೊದಲ ಕೆಲಸಕ್ಕೆಂದು ಊರು ಬಿಡುವಾಗ, ಕಾಫಿ ಕುಡಿದು ಹೋಗು ಎಂದು ಅಮ್ಮ ಕರೆದರೂ ಕೂರದೆ ರೈಲಿಗೆ ಓಡಿದ್ದರಂತೆ. ಮತ್ತೆ ಅಮ್ಮನನ್ನು ನೋಡಲಾಗಲಿಲ್ಲ. “ಆಮೇಲೆ ಈ ಪದ್ಧತಿಯನ್ನು ಎಷ್ಟೋ ವರ್ಷ ಪಾಠ ಮಾಡಿದೆ. ಬೇಕಾಗಿದ್ದ ದಿನ ಗೊತ್ತಿರಲಿಲ್ಲ.”

ಕಳೆದ ಚಳಿಗಾಲದಲ್ಲಿ ಅವರಿಗೆ ಎದೆನೋವು ಬಂದು ಆಂಬುಲೆನ್ಸ್ ಕರೆಸಿದೆವು. ಬಾಗಿಲ ಬಳಿ ಅವರು ಕುರ್ಚಿಯತ್ತ ಕೈ ತೋರಿಸಿದರು.

“ಕೂರೋಕೆ ಟೈಮಿಲ್ಲ ಸರ್. ಎಲ್ಲಾ ಗ್ರ್ಯಾಂಡ್ ಆಗುತ್ತೆ, ಏನೂ ಆಗಲ್ಲ,” ಎಂದು ಆಂಬುಲೆನ್ಸಿನವನು ಅವರನ್ನು ನಡೆಸಿಕೊಂಡು ಹೋದ.

ಅವರು ಮತ್ತೆ ಮನೆಗೆ ಬರಲಿಲ್ಲ. ಆವತ್ತು ಗಾಡಿ ತಿರುವು ದಾಟಿದ ಮೇಲೆ ನಾನು ಆ ಕುರ್ಚಿಯಲ್ಲಿ ಕೂತೆ, ನನ್ನ ಹೆಂಡತಿ ಮೆಟ್ಟಿಲ ಮೇಲೆ ಕೂತಳು. ಒಂದು ನಿಮಿಷ ಹಾಗೇ ಕೂತಿದ್ದೆವು. ನಾವು ಎಲ್ಲಿಗೂ ಹೊರಟಿರಲಿಲ್ಲ.