ಚರಗ ಚೆಲ್ಲದ ಹೊಲ

ವಿಡಿಯೋ ಆಟ ಕೊಳ್ಳುವಾಗ ಕಥೆ ಏನು, ಚಿತ್ರ ಹೇಗಿದೆ ಎಂದು ನೋಡುವವನು ನಾನಲ್ಲ. ಅದರಲ್ಲಿ ಎಷ್ಟು ಟ್ರೋಫಿಗಳಿವೆ, ಎಷ್ಟು ಬೇಗ ಕೈಗೆ ಬರುತ್ತವೆ, ಇಷ್ಟೇ ನನ್ನ ಲೆಕ್ಕ. ಪಟ್ಟಿ ಸುಲಭವಿದ್ದರೆ ಮಕ್ಕಳಾಟವನ್ನೂ ಕೊಂಡಿದ್ದೇನೆ. ಒಂದೇ ಒಂದು ಟ್ರೋಫಿ ಕಷ್ಟವೆಂದು ಎಂಥೆಂಥ ಚೆಂದದ ಆಟಗಳನ್ನೋ ಬಿಟ್ಟಿದ್ದೇನೆ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಪಾಳಿ ಮುಗಿಸಿ ರಾಯಚೂರಿನ ಮನೆಗೆ ಬಂದವನೇ ಬೂಟು ಬಿಚ್ಚುವ ಮೊದಲು ಟಿವಿ ಹಚ್ಚುತ್ತಿದ್ದೆ. ಟ್ರೋಫಿ ಸಿಕ್ಕಾಗ ಪರದೆಯ ಮೇಲೆ ಮೂಡುವ ಪುಟ್ಟ ಕಪ್ಪನ್ನು ತೋರಿಸಿ ಹೆಂಡತಿ ನಗುತ್ತಿದ್ದಳು: "ಅದರಾಗ ಒಂದ್ಸಲನಾದ್ರೂ ಚಾ ಕುಡಿಯಾಕ ಬರ್ತದೇನ್ರಿ?"

ಒಕ್ಕಲುತನದ ಆಟವೊಂದನ್ನೂ ಹಾಗೆಯೇ ಪಟ್ಟಿ ನೋಡಿ ಕೊಂಡೆ. ಈ ಸಲ ಅವಳೂ ಪಕ್ಕಕ್ಕೆ ಬಂದು ಕೂತಳು. ಅವಳ ತವರು ಮಾನ್ವಿ ಕಡೆಯ ಮಲ್ಲಟ. ಅವರ ಮನೆಯವರು ಜೋಳ ಬಿಟ್ಟು ಭತ್ತ ಹಚ್ಚಿ ಬಹಳ ವರ್ಷವಾಗಿತ್ತು. "ಒಂದ್ ಹೊಲ ನನಗ ಕೊಡ್ರಿ" ಎಂದು ಕೇಳಿ ಪಡೆದು ಜೋಳ ಬಿತ್ತಿದಳು.

ಆ ಮಧ್ಯಾಹ್ನಗಳು ಈಗಲೂ ಕಣ್ಣಿಗೆ ಕಟ್ಟಿವೆ. ಹೊರಗೆ ಬಿಸಿಲು, ಒಳಗೆ ಅರೆಗತ್ತಲು, ಟಿವಿಯಲ್ಲಿ ತೂಗುವ ತೆನೆಗಳು. ಅವಳು ಏನೂ ಮಾಡುತ್ತಿರಲಿಲ್ಲ. ಪರದೆಯೊಳಗಿನ ಬದುವಿನ ಮೇಲೆ ನಡೆಯುತ್ತಿದ್ದಳು, ನಿಲ್ಲುತ್ತಿದ್ದಳು, ಮತ್ತೆ ನಡೆಯುತ್ತಿದ್ದಳು. ನನಗೆ ಜೊಂಪು ಹತ್ತಿ, ನಾವು ಎಲ್ಲಿದ್ದೇವೆಂಬುದೇ ಮರೆಯುತ್ತಿತ್ತು. ಅಷ್ಟು ಸುಖವಾಗಿ ನಾನು ಯಾವ ಆಟವನ್ನೂ ಆಡಿರಲಿಲ್ಲ.

ಜೋಳ ಬಲಿಯಿತು. ಅವಳು ಕೊಯ್ಯಲಿಲ್ಲ.

"ಎಳ್ಳ ಅಮಾಸಿ ಬರ್ಲಿ. ಚರಗ ಚೆಲ್ಲದ ಹೊಲಕ್ಕ ಕುಡಗೋಲು ಹಾಕಬಾರದ್ರಿ."

ಆ ಅಮಾವಾಸ್ಯೆಗೆ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಮೊದಲ ತುತ್ತನ್ನು ಚರಗವೆಂದು ಚೆಲ್ಲಿ ಆಮೇಲೆ ಉಣ್ಣುವುದು ನಮ್ಮ ಕಡೆಯ ಪದ್ಧತಿ. ಟಿವಿಯ ಮುಂದೆಯೇ ಎಡೆ ಇಡುತ್ತೇನೆಂದಳು. ನನಗೆ ನಗು ಬಂತು. ಅವಳು ನಗಲಿಲ್ಲ.

ಅಮಾವಾಸ್ಯೆಗೆ ಇನ್ನು ನಾಲ್ಕು ದಿನ. ಅವಳು ದೇವದುರ್ಗಕ್ಕೆ ಅಕ್ಕನ ಮನೆಗೆ ಹೋಗಿದ್ದಳು. ನನ್ನ ಪಟ್ಟಿಯಲ್ಲಿ ಉಳಿದದ್ದು ಒಂದೇ ಟ್ರೋಫಿ: ಪ್ರತಿಯೊಂದು ಬೆಳೆಯನ್ನೂ ಒಮ್ಮೆ ಕೊಯ್ದಿರಬೇಕು. ಜೋಳವೊಂದೇ ಬಾಕಿ. ನಾನೇ ಬೇರೆ ಹೊಲದಲ್ಲಿ ಬಿತ್ತಿ ಕಾಯಬಹುದಿತ್ತು. ಕಾಯುವ ಗುಣ ನನ್ನ ಜಾತಕದಲ್ಲೇ ಬರೆದಿಲ್ಲ. ಆಟದ ಕೊಯ್ಲಿನ ಯಂತ್ರ ಓಡಿಸಿದೆ, ಎರಡು ನಿಮಿಷದಲ್ಲಿ ಅವಳ ಹೊಲ ಬೋಳಾಯಿತು. ಟಣ್ ಎಂದು ಟ್ರೋಫಿಯ ಕಪ್ಪು ಮೂಡಿತು. ಮೂರ್ಖ ನಾನು, ಅದರ ಫೋಟೋ ಬೇರೆ ತೆಗೆದುಕೊಂಡೆ.

ಊರಿಂದ ಬಂದವಳು ಕೈಚೀಲ ಕೆಳಗಿಡದೆ ಪರದೆಯನ್ನೇ ನೋಡಿದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಡುಗೆಮನೆಗೆ ಹೋಗಿ, ಹೋಳಿಗೆಗೆಂದು ಆರಿಸಿಟ್ಟಿದ್ದ ಕಡಲೆಬೇಳೆಯನ್ನು ಮತ್ತೆ ಡಬ್ಬಿಗೆ ಸುರಿದಳು.

ಅದೇ ಹೊಲದಲ್ಲಿ ನಾನು ಮತ್ತೆ ಜೋಳ ಬಿತ್ತಿದೆ. ಎರಡನೆಯ ಬೆಳೆಗೆ ಯಾವ ಟ್ರೋಫಿಯೂ ಇಲ್ಲ; ಗೊತ್ತಿದ್ದೂ ದಿನಾ ಕಳೆ ಕಿತ್ತೆ. ತೆನೆ ತುಂಬಿದ ದಿನ ಆಸೆಯಿಂದ ಕರೆದೆ: "ಬಾ ಇಲ್ಲಿ, ಎಷ್ಟ್ ಚೆಂದ ಬಂದದ ನೋಡು. ಯಾವಾಗ ಕೊಯ್ಯೂಣು?"

ಅವಳು ಬಾಗಿಲಲ್ಲೇ ನಿಂತಳು.

"ನನ್ನನ್ಯಾಕ ಕೇಳ್ತೀರಿ? ನಿಮ್ಮ ಹೊಲ ಅಲ್ಲೇನ್ರಿ ಅದು."